ಒಂದು ಹಿಡಿ ಹಳೆ ಮರಳು

ಸುಮನಾ, ಕಿರಣ, ನೀವು ತೊಳೆದಿಟ್ಟ ಬೆಕ್ಕಿನ ಮರಳು ಡಬ್ಬಿಯ ಫಿನಾಯಿಲ್ ವಾಸನೆಗೆ ಇವತ್ತು ನನಗೆ ಚಿಕ್ಕಂದಿನಲ್ಲಿ ಮಂಕಿ ಊರಿನ ನಮ್ಮ ಮನೆಯಲ್ಲಿ ಕಳೆದ ಒಂದು ಮಧ್ಯಾಹ್ನ ನೆನಪಾಯಿತು.

ಚೌತಿ ಹತ್ತಿರ ಬಂದಿತ್ತು. ಆಯಿ, ಅಂದರೆ ನನ್ನ ಅಮ್ಮ, ಬೆಕ್ಕು ಹೊಲಸು ಮಾಡುವ ಪೆಟ್ಟಿಗೆಯ ಮರಳನ್ನೆಲ್ಲ ತೆಂಗಿನ ಬುಡಕ್ಕೆ ಸುರಿದು, ಪೆಟ್ಟಿಗೆಯನ್ನು ಫಿನಾಯಿಲ್ ಹಾಕಿ ತಿಕ್ಕಿ, ಹೊಸ ಮರಳು ತುಂಬಿದಳು. ಬೆಕ್ಕು ಅದನ್ನು ಮೂಸಿ ನೋಡಿ, ಅಕ್ಕಿ ಚೀಲದ ಮಗ್ಗುಲಿಗೆ ಹೋಗಿ ಹೊಲಸು ಮಾಡಿತು.

“ನಾಳೆ ಇದನ್ನ ಗೋಣಿಯಲ್ಲಿ ಕಟ್ಟಿ ಗೇರುಸೊಪ್ಪೆ ಬದಿಗೆ ಬಿಟ್ಟು ಬರ್ತೆ,” ಅಂದರು ಅಪ್ಪ. ನಾನು ಬೆಕ್ಕನ್ನು ಲಂಗದಲ್ಲಿ ಮುಚ್ಚಿಕೊಂಡೆ.

ಗಂಡ ಸತ್ತ ಮೇಲೆ ನಮ್ಮಲ್ಲಿಗೆ ಬಂದಿದ್ದ ಸೋದರತ್ತೆ ಮಾತಾಡುವುದೇ ಅಪರೂಪ. ಅವಳು ಪೆಟ್ಟಿಗೆಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಮತ್ತೆ ಮರಳು ತುಂಬಿ, ತೆಂಗಿನ ಬುಡದಿಂದ ಒಂದು ಹಿಡಿ ಹಳೆ ಮರಳು ತಂದು ಮೇಲೆ ಉದುರಿಸಿದಳು.

“ಕೊಳಕನ್ನ ದಿನಾ ಕರಟದಲ್ಲಿ ತೆಗೆದು ನಾ ಹೂಳ್ತೆ, ತಮ್ಮಾ. ಆದ್ರೆ ಅದರದ್ದು ಅಂತ ಒಂಚೂರು ಉಳಿಸೂಕೆ ಬೇಕು. ಇಲ್ಲದಿದ್ರೆ ಇದು ಯಾರ ಮನೆ ಅಂತ ತಿಳ್ಕಂತದೆ?”

ಅಪ್ಪ ಅತ್ತೆಯ ಮುಖವನ್ನೇ ನೋಡಿದರು. “ಆತು,” ಅಂದರು.

ಸಂಜೆ ಬೆಕ್ಕು ಪೆಟ್ಟಿಗೆಯಲ್ಲಿ ಮರಳು ಕೆರೆಯುವ ಸದ್ದು ಕೇಳಿತು. ಮರುದಿನ ಆಯಿ, ತಾನೇ ಅಟ್ಟಕ್ಕೆ ಹಾಕಿದ್ದ, ಅತ್ತೆ ಗಂಡನ ಮನೆಯಿಂದ ತಂದ ಹಳೆ ಟ್ರಂಕನ್ನು ಇಳಿಸಿ, ಒರೆಸಿ, ಅವಳ ಚಾಪೆಯ ಪಕ್ಕದಲ್ಲಿಟ್ಟಳು.

ನನ್ನದು ಅಂತ ನಾನು ಬರೆದಿಟ್ಟ ಈ ಹಾಳೆಗಳನ್ನು ಬೆಕ್ಕಿನ ಸಾಮಾನಿನ ಜೊತೆಗಾದರೂ ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.