ಅಂಚಿನವರೆಗೆ ನೀರು

ವಿಮಾನ ಎಡಕ್ಕೆ ವಾಲತೊಡಗಿದಾಗ ಅಜ್ಜಿ ಅಂಚಿನವರೆಗೆ ನೀರು ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು. ಹತ್ತು ವರ್ಷ ಯುದ್ಧವಿಮಾನ ಹಾರಿಸಿದ ಮೊಮ್ಮಗನಿಗೆ ಇಂದು ಪ್ರಯಾಣಿಕರ ವಿಮಾನದಲ್ಲಿ ಕೊನೆಯ ಪರೀಕ್ಷೆ. "ಹಿಂದೆ ಜನ ಕೂತಿರೋದನ್ನೇ ಮರೆತು ತಿರುಗಿಸ್ತೀಯ" ಎಂದು ಹೋದ ಸಲ ನಪಾಸು ಮಾಡಿದ್ದ ಪರೀಕ್ಷಕರೇ ಮುಂದೆ ಕಾಕ್‌ಪಿಟ್‌ನಲ್ಲಿ ಅವನ ಪಕ್ಕದಲ್ಲಿದ್ದರು.

"ಕೆಳಗಿಡಿ ಅಜ್ಜಿ, ಚೆಲ್ಲುತ್ತೆ," ಎಂದಳು ಗಗನಸಖಿ.

"ಇರ್ಲಿ ಬಿಡಮ್ಮ, ನಂದೂ ಒಂದು ಪರೀಕ್ಷೆ. ಇವ್ನು ಮನೇಲಿ ನಡೆದ್ರೆ ಪಕ್ಕದ ಬೀದಿ ಪಾತ್ರೆಗಳೂ ಉರುಳ್ತಿದ್ವು!"

ಕಿಟಕಿಯಾಚೆ ಭೂಮಿಯೇ ಗೋಡೆಯಂತೆ ಎದ್ದು ನಿಂತಿತು. ಊರು, ಕೆರೆ, ರಸ್ತೆ ಎಲ್ಲವೂ ಓರೆಯಾದವು. ಲೋಟದ ನೀರು ಮಾತ್ರ ಅಲುಗಲಿಲ್ಲ. ವಿಮಾನ ನೆಟ್ಟಗಾದ ಮೇಲೆ ಅಜ್ಜಿ ಲೋಟವನ್ನು ಗಗನಸಖಿಯತ್ತ ಚಾಚಿದಳು. "ಇದನ್ನ ಹೀಗೇ ಆ ಪರೀಕ್ಷಕರಿಗೆ ತೋರ್ಸು ಹೋಗಮ್ಮ," ಎಂದಳು.

ಲೋಟ ಹಿಡಿದು ಹೊರಟ ಗಗನಸಖಿ ಎರಡನೇ ಹೆಜ್ಜೆಗೇ ನೀರು ಚೆಲ್ಲಿದಳು.