ಮೂರಕ್ಕೆ ಒಂದು

ಡಾಕ್ಟರು ಪೆನ್ಸಿಲಿನಿಂದ ಮೇಜಿನ ಮೇಲೆ ಮೂರು ಸಲ ತಟ್ಟಿದರು. ಕೋದಂಡಪ್ಪ ಒಂದೇ ಸಲ ತಟ್ಟಿದ.

"ನಾನು ಎಷ್ಟು ತಟ್ಟಿದೆನೋ ಅಷ್ಟೇ ತಟ್ಟಬೇಕು, ಹೇಳು ಅವನಿಗೆ" ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಅಂದರು. ಬೊಂಬಾಯಿಯಿಂದ ಬಂದವರು, ಕನ್ನಡ ಬಾರದು, ತೆಲುಗು ಬಾರದು. ಪಕ್ಕದ ಕುರ್ಚಿಯಲ್ಲಿದ್ದ ಆರುಮುಗಂ ಅದನ್ನು ಕನ್ನಡದಲ್ಲಿ ಹೇಳಿದ.

ಮತ್ತೆ ಮೂರು. ಕೋದಂಡಪ್ಪ ನೆಟ್ಟಗೆ ಕೂತ. ಗೆಣ್ಣು ಮಡಿಸಿ, ಮೇಜು ಅದುರುವಂತೆ ಗುದ್ದಿದ. ಒಂದು.

ಡಾಕ್ಟರು ಬರೆದುಕೊಂಡರು.

ಬಂಗಾರಪೇಟೆಯ ಆ ಬಾಡಿಗೆ ಬಂಗಲೆಯ ಕೋಣೆಯಲ್ಲಿ ಅವತ್ತು ತೀರ್ಮಾನವಾಗಬೇಕಿದ್ದದ್ದು ಒಂದೇ ವಿಷಯ. ಸಾರಾಯಿ ಕೋದಂಡಪ್ಪನ ಮೆದುಳನ್ನು ಎಷ್ಟು ತಿಂದಿದೆ? ಮೂರು ವರ್ಷದ ಹಿಂದೆ, ಐವತ್ತೆರಡನೇ ಇಸವಿಯಲ್ಲಿ, ಆಳುಗಳು ಇನ್ನೂ ಹತ್ತುತ್ತಿರುವಾಗಲೇ ಅವರನ್ನು ಗಣಿಯೊಳಕ್ಕೆ ಇಳಿಸುವ ಕೇಜು ಕೆಳಕ್ಕೆ ಹೊರಟುಬಿಟ್ಟಿತು. ನಾಲ್ವರು ಸತ್ತರು. ಗಣಿಬಾಯಿಯ ಪಕ್ಕ ನಿಂತು, ಕೇಜನ್ನು ಓಡಿಸುವ, ನಿಲ್ಲಿಸುವ ಯಂತ್ರದ ಮನೆಗೆ ಬೆಲ್ ಹೊಡೆಯುವ ಕೆಲಸ ಕೋದಂಡಪ್ಪನದು. ಕುಡಿದಿದ್ದ, ಹೊಡೆಯಬೇಕಾದ ಬೆಲ್ ಹೊಡೆಯಲಿಲ್ಲ ಎಂದು ಕಂಪನಿಯ ವಿಚಾರಣೆ ಬರೆದು ಮುಗಿಸಿತು. ಹೊಡೆದೆ ಎಂದು ಅವನು ಅಂದದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ಸತ್ತ ನಾಲ್ವರಲ್ಲಿ ಒಬ್ಬ ಅವನ ಮಗ.

ಈಗ ಕಾರ್ಮಿಕ ಸಂಘ ಬಡಿದಾಡಿ ಮರುವಿಚಾರಣೆ ತಂದಿತ್ತು. ಇವನಿಗೆ ನೆನಪು ನೆಟ್ಟಗಿದೆ ಎಂದು ಡಾಕ್ಟರು ಬರೆದರೆ ಸಾಕ್ಷಿ ಹೇಳಬಹುದು. ಇಲ್ಲದಿದ್ದರೆ ಕಡತ ಮುಚ್ಚುತ್ತದೆ. ಏರ್ಪಾಟೆಲ್ಲ ಕಂಪನಿಯದು. ಡಾಕ್ಟರು ಅವರ ಕಡೆಯವರು, ದುಭಾಷಿ ಅವರ ಕಡೆಯವನು. ಸಂಘದವರನ್ನು ಗೇಟಿನ ಹೊರಗೇ ನಿಲ್ಲಿಸಿದ್ದರು.

ಮೂಲೆಯಲ್ಲಿ ಗೋಡೆಗೊರಗಿ ಕೋದಂಡಪ್ಪನ ಹೆಂಡತಿ ಮುತ್ಯಾಲಮ್ಮ ನಿಂತಿದ್ದಳು. ಕಾಮಸಮುದ್ರದ ಹೊಲಗಳಲ್ಲಿ ಬೆಳೆದವಳು, ಗಣಿಬಾಯಿಯನ್ನು ಹತ್ತಿರದಿಂದ ಕಂಡವಳಲ್ಲ. ಅವಳಿಗೆ ಕಡತ ಬೇಕಿರಲಿಲ್ಲ. ಮಗನನ್ನು ತನ್ನ ಗಂಡನೇ ಕೊಂದನೋ ಇಲ್ಲವೋ, ಅಷ್ಟು ತಿಳಿಯಬೇಕಿತ್ತು. ಮೂರು ವರ್ಷದಿಂದ ಅವಳು ಮುದ್ದೆ ಇಡುವಾಗ ಗಂಡನ ಮುಖ ನೋಡಿರಲಿಲ್ಲ.

ಅವಳಿಗೆ ಧೈರ್ಯವೆಂದರೆ ಆರುಮುಗಂ. ಕೆ.ಜಿ.ಎಫ್‌ನ ಅವರ ಲೈನ್ ಮನೆಗೆ ತಿಂಗಳಿಗೊಮ್ಮೆ ಬಂದು ಅಕ್ಕಿ, ಬೆಲ್ಲ ಇಟ್ಟು ಹೋಗುತ್ತಿದ್ದವನು ಅವನೊಬ್ಬನೇ. ತಮಿಳು, ತೆಲುಗು, ಕನ್ನಡ, ಮೇಲೆ ಇಂಗ್ಲಿಷು. ಆ ಅಪಘಾತದ ವರ್ಷವೇ ಕಂಪನಿ ಅವನನ್ನು ಗಣಿಯಿಂದ ಆಫೀಸಿಗೆ ಹಾಕಿಕೊಂಡಿತ್ತು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಯಾವಾಗಲೂ ಲವಂಗ.

"ಕುಡಿತ ಯಾವಾಗಿನಿಂದ?" ಡಾಕ್ಟರು ಕೇಳಿಸಿದರು.

"ಮಗ ಓಗೋಗಂಟ ಒಂದು ತೊಟ್ಟು ಮುಟ್ಟಿದ ಮನುಷ್ಯ ಅಲ್ಲಣ್ಣಾ" ಎಂದಳು ಮುತ್ಯಾಲಮ್ಮ. "ಅಂಗಂತ ನಾನಂದ್ಕಂಡಿದ್ದೆ. ಅವತ್ತು ಕುಡಿದೇ ಓಗಿದ್ರು ಅಂತ ಕಾಗದದಾಗೆ ಬರೆದವ್ರೆ. ಯಾವುದು ನಿಜವೋ. ನಾನೇನು ಅಲ್ಲಿ ನಿಂತು ಕಂಡ್ನಾ?"

ಆರುಮುಗಂ ಅದಕ್ಕೆ ಇಂಗ್ಲಿಷಿನಲ್ಲಿ ನಾಲ್ಕೇ ಪದ ಹೇಳಿದ. ಡಾಕ್ಟರು ಬರೆದುಕೊಂಡರು.

ಇದು ಯಾವ ತಿಂಗಳು ಎಂಬ ಪ್ರಶ್ನೆ ಬಂತು. ಕೋದಂಡಪ್ಪ ನಕ್ಕ. "ಏನ್ಲಾ ಆರುಮುಗಾ, ಅಷ್ಟು ದೂರದಿಂದ ಬಂದವ್ರೆ, ಒಂದು ಕ್ಯಾಲೆಂಡರ್ ತರಬಾರ್ದಾ?"

ಎಷ್ಟು ಮಕ್ಕಳು?

"ಒಬ್ನೇ. ಬೆಳಗಿನ ಪಾಳಿಗೆ ಓಗವ್ನೆ. ಬುತ್ತಿ ಮರ್ತು ಓಗವ್ನೆ ನೋಡು ಕಳ್ಳನನ್ಮಗ." ಹೆಂಡತಿಯ ಕಡೆ ತಿರುಗಿದ. "ಯಾರ ಕೈಲಾದ್ರೂ ಕಳಿಸಮ್ಮೀ, ಅಸ್ಕೊಂಡಿರ್ತಾನೆ."

ಮುತ್ಯಾಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಡಾಕ್ಟರು ಕೆಟ್ಟವರಲ್ಲ. ಕೊನೆಯದಾಗಿ ಒಂದು ಅವಕಾಶ ಕೊಟ್ಟರು. ಎರಡು ತಟ್ಟಿದರು. ಕೋದಂಡಪ್ಪ ಒಂದು. ನಾಲ್ಕು ತಟ್ಟಿದರು. ಒಂದು. ಮೂರು ತಟ್ಟಿದರು. ಕೋದಂಡಪ್ಪನ ನಗು ಇಂಗಿತು. ಕುತ್ತಿಗೆಯ ನರ ಉಬ್ಬಿತು. ಅವನು ಡಾಕ್ಟರನ್ನು ನೋಡುತ್ತಿರಲಿಲ್ಲ. ಆರುಮುಗನ ಕಣ್ಣಲ್ಲಿ ಕಣ್ಣಿಟ್ಟು ಗುದ್ದಿದ. ಒಂದು. ಕಾದ. ಮತ್ತೆ ಒಂದು. ಕಾದ. ಗೆಣ್ಣು ಒಡೆದು ಮೇಜಿನ ಮೇಲೆ ರಕ್ತ ಕಾಣಿಸಿತು. ಮತ್ತೆ ಒಂದು.

ಒಂದೊಂದು ಏಟಿಗೂ ಆರುಮುಗನ ಬಲಗೈ ಕುರ್ಚಿಯ ತೋಳನ್ನು ಹಿಡಿದು ತನ್ನತ್ತ ಎಳೆಯುತ್ತಿತ್ತು. ಹಳೆಯ ಕುರ್ಚಿ, ಕಿರುಗುಟ್ಟಿತು. ಡಾಕ್ಟರು ತಲೆ ತಗ್ಗಿಸಿ ಬರೆಯುತ್ತಿದ್ದರು.

"ಯಾಕಣ್ಣಾ ಅಂಗೆ ಒಂದೇ ಒಡೀತಾರೆ?" ಮುತ್ಯಾಲಮ್ಮ ಕೇಳಿದಳು.

"ಕುಡಿದು ಕೆಟ್ಟ ಕೈ ಅಕ್ಕಾ. ಅದುಕ್ಕೆ ಅರ್ಥ ಎಲ್ಲಿಂದ ಬತ್ತದೆ?"

ಡಾಕ್ಟರು ಸಹಿ ಹಾಕಿದರು. ನೆನಪು ಇಲ್ಲ, ಕಾಲದ ಪರಿವೆ ಇಲ್ಲ, ಸರಳ ಸಂಜ್ಞೆಯನ್ನೂ ಅನುಸರಿಸಲಾರ, ಬಹುಕಾಲದ ಕುಡಿತ, ಸಾಕ್ಷಿಗೆ ಅನರ್ಹ. ಆರುಮುಗಂ ಅದನ್ನು ಒಂದಕ್ಷರ ಬಿಡದೆ ಅವಳಿಗೆ ಓದಿ ಹೇಳಿದ. ಬಹುಕಾಲದ ಎಂಬಲ್ಲಿ ಮಾತ್ರ ದನಿ ತಗ್ಗಿತು.

ಮುತ್ಯಾಲಮ್ಮ ಗಂಡನ ಹತ್ತಿರ ಬಂದಳು. ಮೂರು ವರ್ಷದ ಮೇಲೆ ಮೊದಲ ಸಲ ಅವನ ಮುಖ ನೋಡಿದಳು.

"ಅಂಗಾದ್ರೆ ನೀನೇಯಾ" ಎಂದಳು. ಕೂಗಲಿಲ್ಲ. "ನನ್ನ ಮಗನ್ನ ತಿಂದೋನು ನೀನೇಯಾ."

"ಬುತ್ತಿ ಕಳಿಸ್ದ್ಯಾ?" ಎಂದ ಕೋದಂಡಪ್ಪ.

ಅವಳು ಅವನ ಒಡೆದ ಕೈಯನ್ನು ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತು ಆರುಮುಗನ ಬಲಗೈಯನ್ನು ಎರಡೂ ಕೈಯಿಂದ ಹಿಡಿದು ಕಣ್ಣಿಗೊತ್ತಿಕೊಂಡಳು. "ಇದ್ದದ್ದು ಇದ್ದಂಗೆ ಏಳ್ದೋನು ನೀನೊಬ್ನೇ ಅಣ್ಣಾ. ಅವತ್ತು ವಿಚಾರಣೇಲಿ ಸಾಕ್ಷಿ ಏಳ್ದಾಗ್ಲೂ, ಇವತ್ತೂ."

ಗಣಿಯಲ್ಲಿ ಮೂರು ಬೆಲ್ ಎಂದರೆ ಆಳುಗಳು ಹತ್ತುತ್ತಿದ್ದಾರೆ, ಒಂದು ಬೆಲ್ ಎಂದರೆ ನಿಲ್ಲಿಸು. ಅವತ್ತು ಆ ಒಂದು ಬೆಲ್ ಮತ್ತೆ ಮತ್ತೆ ಬಂದರೂ ತನ್ನ ಬಾಯಿಯ ಸಾರಾಯಿ ವಾಸನೆ ಮುಚ್ಚಲು ಲವಂಗ ಅಗಿಯುತ್ತ ಬ್ರೇಕು ಎಳೆಯದೆ ಯಂತ್ರದ ಮನೆಯಲ್ಲಿ ಕೂತಿದ್ದ ಡ್ರೈವರು ಆರುಮುಗಂ.