ಲಾಕರಿಗೆ ಹೇಳಿದ ನಿಜ

ಯಾರಿಗೂ ಹೇಳದ ಒಂದು ನಿಜವನ್ನು ಹೇಳಿದರೆ ಮಾತ್ರ ತೆರೆಯುವ ಲಾಕರುಗಳು ಈಗ ಎಲ್ಲ ರೆಸಾರ್ಟುಗಳಲ್ಲೂ ಇವೆ. ಗುರುಪಾದಪ್ಪ ಹೆಂಡತಿ ನೀಲವ್ವನ ಬಂಗಾರದ ಬಳೆಗಳನ್ನು ಅಂಥದೊಂದರಲ್ಲಿ ಇಟ್ಟಿದ್ದ. ಯಾರನ್ನೂ ನಂಬದ ಮನುಷ್ಯ, ಬಳೆ ಇವೆಯೋ ಇಲ್ಲವೋ ಎಂದು ಎರಡೇ ದಿನದಲ್ಲಿ ಹನ್ನೊಂದು ಸಲ ತೆರೆದು ನೋಡಿ, ಇದ್ದಬದ್ದ ಗುಟ್ಟನ್ನೆಲ್ಲ ಖಾಲಿ ಮಾಡಿಕೊಂಡಿದ್ದ. ಈಗ ಊರಿಗೆ ಹೊರಟ ಬಸ್ಸು ಹೊರಗೆ ಹಾರ್ನ್ ಹೊಡೆಯುತ್ತಿತ್ತು.

"ಸಾಲ್ಯಾಗ ಕಾಪಿ ಹೊಡದು ಪಾಸಾಗೇನಿ," ಎಂದ.

"ಇದನ್ನು ನಿನ್ನೆಯೇ ಹೇಳಿದ್ದೀರಿ," ಎಂದಿತು ಲಾಕರು.

"ಬಳಿ ಬಿಟ್ಟು ನಾ ಬಸ್ ಹತ್ತಂಗಿಲ್ಲ ನೋಡ್ರಿ," ಎಂದಳು ನೀಲವ್ವ.

ಗುರುಪಾದಪ್ಪ ಲಾಕರನ್ನು ಬೈದ, ಒದ್ದ. ಕೊನೆಗೆ ಹೆಂಡತಿಗೆ ಬೆನ್ನು ಮಾಡಿ ಗೊಣಗಿದ: "ನಮ್ಮವ್ವನ ಅಡಿಗಿಗಿಂತ ಇಕಿ ಅಡಿಗೀನ ರುಚಿ."

ಲಾಕರು ತೆರೆಯಿತು. ನೀಲವ್ವ ಬಳೆ ಮುಟ್ಟಲಿಲ್ಲ. ಬಾಗಿಲನ್ನು ಮತ್ತೆ ಮುಚ್ಚಿ, ಕುರ್ಚಿ ಎಳೆದುಕೊಂಡು ಕೂತಳು.

"ಬಸ್ ಹೋದ್ರ ಹೋಗ್ಲಿ. ಇನ್ನೊಂದು ಹೇಳ್ರಿ."